ಒಂದು ಗೇಣು ಟೇಪು

ವಿರಾಜಪೇಟೆ ಗಡಿಯಾರ ಕಂಬದಿಂದ ಇಳಿದರೆ ಎಡಕ್ಕೆ
ಮೂರನೇ ಅಂಗಡಿ. ಈಗ ಮೊಬೈಲಿನ ಕವರ್ ಮಾರುತ್ತೇನೆ.
ಆಗ ಅಲ್ಲೇ, ಹಮೀದಾಕನ ಕೈಕೆಳಗೆ,
ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬುತ್ತಿದ್ದೆ;
ಒಂದಕ್ಕೆ ಹದಿನೆಂಟು ರೂಪಾಯಿ, ಗೆರೆ ಎಳೆದ ಚೀಟಿ ಪುಕ್ಕಟೆ.

ಆ ಹಾಡು ಬಂದದ್ದು ಪಾಲಿಬೆಟ್ಟದ ಕಡೆಯಿಂದ.
ಬಿಲಿಯರ್ಡ್ಸ್ ಮೇಜಿನ ಕೆಳಗೆ ಸಿಕ್ಕಿತಂತೆ, ಚಿಟ್ಟಿಯಪ್ಪ ತಂದ,
ನಾಳೆ ಸಂಜೆಯೊಳಗೆ ಅಲ್ಲೇ ಇಡಬೇಕು ಎಂದ.
ಮೊದಲು ಗಿಟಾರು ಒಂಟಿಯಾಗಿ.
ಆಮೇಲೆ ಡ್ರಮ್ಮು, ತಗಡಿನ ಮಾಡಿನ ಮೇಲೆ
ಯಾರೋ ಹಲಸಿನಕಾಯಿ ಉರುಳಿಸಿದ ಹಾಗೆ.
ಮಾತು ಒಂದೂ ತಿಳಿಯಲಿಲ್ಲ. ತಿಳಿಯದ್ದೇ ಚೆನ್ನಾಗಿತ್ತು.

ಎರಡನೇ ಚರಣದಲ್ಲಿ ಯಂತ್ರ ಟೇಪನ್ನು ನುಂಗಿತು.
ಪೆನ್ಸಿಲು ತೂರಿಸಿ, ಉಸಿರು ಹಿಡಿದು ಎಳೆದೆ.
ಬಂತು. ಒಂದು ಗೇಣು ಹಿಗ್ಗಿ ಬಂತು.
ಉಗುರಿನಿಂದ ತೀಡಿ ಮತ್ತೆ ಹಾಕಿದರೆ
ಓಡುತ್ತಿದ್ದ ಹಾಡು ಅಲ್ಲಿಗೆ ಬಂದು
ತಗ್ಗಿ, ದನಿ ದಪ್ಪ ಮಾಡಿ,
ಗದ್ದೆ ಕೆಸರಲ್ಲಿ ಒಂದು ಕಾಲು ಹೂತವನಂತೆ
ಐದೆಣಿಕೆ ತಡೆದು
ಮತ್ತೆ ಓಡಿತು.
ಹಮೀದಾಕನಿಗೆ ಹೇಳಲಿಲ್ಲ. ಚಿಟ್ಟಿಯಪ್ಪನಿಗೂ.
ಅದರಿಂದಲೇ ನಲವತ್ತು ಪ್ರತಿ ತೆಗೆದೆ,
ಗೋಣಿಕೊಪ್ಪ, ಸಿದ್ದಾಪುರ, ಕುಟ್ಟದ ಜೀಪುಗಳಿಗೆ.

ಆಮೇಲೆ ಹಾಡು ನನ್ನ ಕೈಲಿರಲಿಲ್ಲ.

ಇಗರ್ಜಿಯ ಆರ್ಗನ್ನಿನಲ್ಲಿ ಫ್ಲೋರಿನ್ ಟೀಚರ್
ಯಾರೂ ಇಲ್ಲದ ಗುರುವಾರ ಅದನ್ನು ನುಡಿಸುತ್ತಿದ್ದರು.
ತಗ್ಗಿನ ಜಾಗ ಬಂದಾಗ ಎರಡೂ ಕಾಲಲ್ಲಿ ತಿದಿಯೊತ್ತಿ
ಆಮೆನ್ನಿನಷ್ಟು ಉದ್ದ ಒಂದೇ ಸ್ವರ ಹಿಡಿದು
ಬಾಗಿಲ ಕಡೆ ನೋಡುತ್ತಿದ್ದರು.
ಪಲ್ಟನ್ನಿನ ಬ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ತುತ್ತೂರಿ ಊದಿ ಬಂದ
ಸುಬೇದಾರ್ ಬೆಳ್ಯಪ್ಪ ಅದನ್ನೇ ಶಾಲೆ ಮಕ್ಕಳಿಗೆ ಕಲಿಸಿದರು:
ಐದೆಣಿಕೆ, ನಿಂತಲ್ಲೇ, ಎಡ ಬಲ ಎಡ ಬಲ,
ಸಿಂಬಳದ ಹುಡುಗನೂ ತಪ್ಪಲಿಲ್ಲ.
ಮಡಿಕೇರಿ ಕಾಲೇಜಿನವರದ್ದು ನನಗೆ ಹಿಡಿಸಲಿಲ್ಲ.
ಕೂದಲು ಸರಿಯಿತ್ತು, ಮಿಕ್ಕಿದ್ದೆಲ್ಲ ಗದ್ದಲ.
ಆದರೂ ಆ ಜಾಗದಲ್ಲಿ ಗಿಟಾರನ್ನು ಬೆನ್ನಿಗೆ ಸರಿಸಿ
ಒಂದು ಗುಟುಕು ನೀರು ಕುಡಿದರು.

ಕಳೆದ ಮೇ ತಿಂಗಳು ತಂಗಿಯ ಮಗಳು
ಫೋನಿನಲ್ಲಿ ಮೂಲದ್ದನ್ನೇ ಹುಡುಕಿ ಹಾಕಿದಳು, ತೊಳೆದು ಒರೆಸಿದ್ದು.
ಎರಡನೇ ಚರಣ ಬಂತು. ಕಾದೆ.
ಕೈ ತೋರಿದರೂ ನಿಲ್ಲಿಸದ ಬಸ್ಸಿನ ಹಾಗೆ
ಹೋಗಿಯೇಬಿಟ್ಟಿತು.
'ಯಾರೋ ಅವಸರದವರು ನಕಲು ಹೊಡೆದದ್ದು' ಎಂದೆ.
'ಇದೇ ಒರಿಜಿನಲ್ ಮಾಮ, ನೀವು ಕೇಳಿದ್ದೆಲ್ಲ ಕವರ್.'
ಅಂಗಡಿ ತುಂಬ ತೂಗುಬಿದ್ದ ಕವರುಗಳನ್ನು ನೋಡಿದೆ,
ಒಳಗೆ ಫೋನಿಲ್ಲ, ಫೋನಿನ ಆಕಾರ ಮಾತ್ರ.

ಅದೇ ವಾರ ಅಮ್ಮತ್ತಿಯಲ್ಲಿ ಮದುವೆ. ಗಂಗಾಪೂಜೆ.
ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತ ಮದುಮಗಳು,
ದಾರಿಗಡ್ಡ ಕುಣಿವ ಗಂಡಿನ ಕಡೆಯವರು, ಬಿಡಲೊಲ್ಲರು.
ಕುಪ್ಪ್ಯ ಬೆವರಿಗೆ ಬೆನ್ನಿಗಂಟಿದೆ, ರಾತ್ರಿ ಹನ್ನೊಂದಾಗಿದೆ,
ವಾಲಗದವರು ಹಳೆಯದೆಲ್ಲ ಮುಗಿಸಿ
ಅದನ್ನೆತ್ತಿಕೊಂಡರು.
ಗಿಟಾರಿನ ಜಾಗದಲ್ಲಿ ಪೀಪಿ, ಹಲಸಿನಕಾಯಿಯ ಜಾಗದಲ್ಲಿ ಡೋಲು.
ಎರಡನೇ ಚರಣ. ಡೋಲು ತಗ್ಗಿತು, ಪೀಪಿ ದಪ್ಪಗಾಯಿತು,
ಕುಣಿಯುವವರೆಲ್ಲ ಎತ್ತಿದ ಕಾಲು ಎತ್ತಿದಂತೆ ತೂಗಿದರು,
ಆ ಐದೆಣಿಕೆಯಲ್ಲಿ ಅವಳು
ಸದ್ದಿಲ್ಲದೆ
ಒಂದು ಹೆಜ್ಜೆ ಮುಂದಿಟ್ಟಳು.

ಊಟಕ್ಕೆ ಕೂತಾಗ ಪೀಪಿಯ ಚೋಮನನ್ನು ಕೇಳಿದೆ,
ಅಲ್ಲಿ ಯಾಕೆ ತಡೆಯುತ್ತೀರಿ?
'ಅಪ್ಪ ಕಲಿಸಿದ್ದೇ ಹಾಗೆ' ಎಂದ. ಪಂದಿಯ ಮೂಳೆ ಬಿಡಿಸುತ್ತ,
'ಅಲ್ಲೂ ತಡೆಯದಿದ್ದರೆ ನೀರು ಹೊತ್ತವಳು
ಬಾಗಿಲು ಮುಟ್ಟುವುದು ಯಾವಾಗ?'

ಅವನಿಗೂ ಹೇಳಲಿಲ್ಲ.
ಇನ್ನೊಂದು ಕಡಂಬುಟ್ಟು ಹಾಕಿಸಿಕೊಂಡೆ.